ಬನವಾಸಿಯ ಹಳೆ ಮನೆಗೆ ಕೋಣೆ ಸೇರಿಸುವ ಮೊದಲು: ಕೊಟ್ಟಿಗೆ ಕೆಡವಬೇಡಿ

ಪ್ರಶ್ನೆ: ನಾನು ನಿವೃತ್ತ ಶಾಲಾ ಮಾಸ್ತರ. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಹತ್ತಿರ ನಮ್ಮ ಅಜ್ಜ ಕಟ್ಟಿಸಿದ ಮನೆಯಿದೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು. ಮುಂದೆ ಜಗುಲಿ, ಆಮೇಲೆ ನಡುಮನೆ, ಅಡುಗೆಮನೆ. ಹಿಂದಿನ ಅಂಗಳ ದಾಟಿದರೆ ಬಚ್ಚಲು. ಅದರ ಪಕ್ಕ 26 ಅಡಿ ಉದ್ದ, 14 ಅಡಿ ಅಗಲದ ಕೊಟ್ಟಿಗೆ, ಈಗ ಖಾಲಿ. ಜಾಗ ಕಿರಿದು, ಹಿತ್ತಲು ಮಾತ್ರ ಉದ್ದಕ್ಕಿದೆ. ತಾಯಿಗೆ 84 ವರ್ಷ. ಕಳೆದ ಮಳೆಗಾಲದಲ್ಲಿ ರಾತ್ರಿ ಬಚ್ಚಲಿಗೆ ಹೋಗುವಾಗ ಅಂಗಳದಲ್ಲಿ ಜಾರಿ ಬಿದ್ದರು. ಮಗ, ಸೊಸೆ ಹುಬ್ಬಳ್ಳಿಯಿಂದ ಬಂದು ಇಲ್ಲೇ ನಿಲ್ಲುವ ಯೋಚನೆಯಲ್ಲಿದ್ದಾರೆ. ಕೊಟ್ಟಿಗೆ ಕೆಡವಿ, ಸ್ಲ್ಯಾಬ್ ಹಾಕಿ, ಕೆಳಗೊಂದು ಮೇಲೊಂದು ಕೋಣೆ ಮಾಡಿ ಎಂದು ಕಂಟ್ರಾಕ್ಟರ್ ಹೇಳುತ್ತಾರೆ. ದೇವಸ್ಥಾನದ ಹತ್ತಿರ ಪರ್ಮಿಷನ್ ಸಿಗುವುದಿಲ್ಲ, ಕೇಳಲು ಹೋದರೆ ಕೆಲಸವೇ ನಿಲ್ಲುತ್ತದೆ, ಸುಮ್ನೆ ಪಾಯ ಹಾಕಿಬಿಡಿ ಎನ್ನುವುದು ಅಕ್ಕಪಕ್ಕದವರ ಮಾತು. ಏನು ಮಾಡಲಿ?

ಉತ್ತರ: ಮಾಸ್ತರೇ, ನಮಸ್ಕಾರ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕೆಲಸ ಒಂದೇ ಗಂಟಿನಲ್ಲಿದೆ. ಒಂದು, ತಾಯಿಯವರಿಗೆ ಮನೆಯೊಳಗೇ ಬಚ್ಚಲು. ಇನ್ನೊಂದು, ಮಗ ಸೊಸೆಗೆ ಕೋಣೆ. ಮೊದಲನೆಯದು ಈ ಮಳೆಗಾಲಕ್ಕೆ ಮುಂಚೆ ಆಗಬೇಕು. ಎರಡನೆಯದಕ್ಕೆ ಸಮಯ ಹಿಡಿಯುತ್ತದೆ. ಎರಡನ್ನೂ ಬಿಡಿಸಿ ನೋಡೋಣ.

ಅದಕ್ಕೂ ಮೊದಲು ಒಂದು ಮಾತು. ಕೊಟ್ಟಿಗೆಗೆ ಹಾರೆ ಹಾಕಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಒಂದು ಹೆಂಚನ್ನೂ ಇಳಿಸಬೇಡಿ. ನಿಮ್ಮ ಜಾಗ ದೇವಸ್ಥಾನದಿಂದ ಎಷ್ಟು ದೂರ ಎಂದು ಗೊತ್ತಾಗುವ ತನಕ ಆ ಹಳೆ ಕೊಟ್ಟಿಗೆಯೇ ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮಧುಕೇಶ್ವರ ದೇವಸ್ಥಾನ ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಇಲಾಖೆಯ ಧಾರವಾಡ ವೃತ್ತಕ್ಕೆ ಸೇರಿದ್ದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದಕ್ಕೆ 2010ರಲ್ಲಿ ಬಂದ ತಿದ್ದುಪಡಿ, ಇವೆರಡೂ ನಿಮ್ಮ ಮನೆಗೆ ಲಾಗೂ ಆಗುತ್ತವೆ. ಸಂರಕ್ಷಿತ ಜಾಗದ ಗಡಿಯಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ. ಅದರ ಆಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಒಟ್ಟು 300 ಮೀಟರ್. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ. ಗರ್ಭಗುಡಿಯಿಂದಲೋ ಗೋಪುರದ ಬುಡದಿಂದಲೋ ಹೆಜ್ಜೆ ಎಣಿಸುತ್ತಾರೆ. ಅಳತೆ ಶುರುವಾಗುವುದು ಸಂರಕ್ಷಿತ ಎಂದು ಘೋಷಿಸಿದ ಜಾಗದ ಗಡಿಯಿಂದ. ಅದು ದೇವಸ್ಥಾನದ ಕಟ್ಟಡಕ್ಕಿಂತ ದೊಡ್ಡದಿರಬಹುದು. ಬೀದಿ ಸುತ್ತಿಕೊಂಡು ಹೋಗುವ ದೂರವೂ ಲೆಕ್ಕಕ್ಕಿಲ್ಲ, ಹಕ್ಕಿ ಹಾರುವ ನೇರಕ್ಕೆ ಅಳೆಯಬೇಕು. ಹಾಗಾಗಿ ನಡೆದುಕೊಂಡು ಹೋದರೆ ದೂರ ಅನ್ನಿಸುವ ಮನೆ ನಕ್ಷೆಯಲ್ಲಿ 100 ಮೀಟರ್ ಒಳಗೇ ಇರುತ್ತದೆ. ಮೊಬೈಲಿನ ನಕ್ಷೆಯಲ್ಲಿ ಬೆರಳಿಟ್ಟು ಅಂದಾಜು ಮಾಡಬೇಡಿ. ಸ್ಮಾರಕ ನೋಡಿಕೊಳ್ಳುವ ಪುರಾತತ್ವ ಸಿಬ್ಬಂದಿಯನ್ನು ಕಂಡು ಗಡಿ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಆಮೇಲೆ ಸರ್ವೆಯವರಿಂದ ಅಳತೆ ಹಾಕಿಸಿ.

ಕಾಯ್ದೆ ಮೂರು ಶಬ್ದಗಳನ್ನು ಬೇರೆ ಬೇರೆ ಮಾಡಿ ಇಟ್ಟಿದೆ. ಇದು ಅರ್ಥವಾದರೆ ಅರ್ಧ ಗೊಂದಲ ಹೋದಂತೆ. ‘ನಿರ್ಮಾಣ’ ಅಂದರೆ ಹೊಸದಾಗಿ ಕಟ್ಟುವುದು. ಇದ್ದ ಮನೆಯನ್ನು ಪಕ್ಕಕ್ಕೆ ಚಾಚಿದರೂ, ಮೇಲಕ್ಕೆ ಎತ್ತಿದರೂ ಅದು ನಿರ್ಮಾಣವೇ. ‘ಪುನರ್‌ನಿರ್ಮಾಣ’ ಅಂದರೆ ಇದ್ದದ್ದನ್ನು ಅದೇ ಉದ್ದ, ಅಗಲ, ಎತ್ತರಕ್ಕೆ ಮತ್ತೆ ಕಟ್ಟುವುದು. ‘ದುರಸ್ತಿ ಮತ್ತು ನವೀಕರಣ’ ಅಂದರೆ ನಿಂತಿರುವ ಕಟ್ಟಡದಲ್ಲಿ ಬದಲಾವಣೆ ಮಾಡುವುದು. 100 ಮೀಟರ್ ಒಳಗೆ ಖಾಸಗಿಯವರಿಗೆ ಸಿಗುವುದು ಈ ಮೂರನೆಯದು ಮಾತ್ರ. ಅದೂ ಅನುಮತಿ ತೆಗೆದುಕೊಂಡು. ಜೊತೆಗೆ ಆ ಕಟ್ಟಡ 1992ರ ಜೂನ್ 16ಕ್ಕಿಂತ ಮೊದಲೇ ಇದ್ದಿರಬೇಕು, ಇಲ್ಲವೇ ಆಮೇಲೆ ಇಲಾಖೆಯ ಒಪ್ಪಿಗೆ ಪಡೆದು ಕಟ್ಟಿದ್ದಾಗಿರಬೇಕು.

ಈಗ ಕೊಟ್ಟಿಗೆಯ ವಿಷಯ ಗೊತ್ತಾಯಿತು ಅಲ್ವಾ? ಅದು ನಿಂತಿದ್ದರೆ ದುರಸ್ತಿಗೆ ಅರ್ಜಿ ಹಾಕಬಹುದು. ಕೆಡವಿದ ಮರುದಿನ ಅಲ್ಲಿ ಬರೀ ಖಾಲಿ ಜಾಗ ಉಳಿಯುತ್ತದೆ. ಖಾಲಿ ಜಾಗದಲ್ಲಿ ಏನು ಮಾಡಿದರೂ ನಿರ್ಮಾಣ, ಇಲ್ಲವೇ ಪುನರ್‌ನಿರ್ಮಾಣ. 100 ಮೀಟರ್ ಒಳಗಾದರೆ ಎರಡಕ್ಕೂ ಬಾಗಿಲು ಮುಚ್ಚಿದೆ. ಹೀಗೆ ಹಳೆಯದನ್ನು ಕೆಡವಿ, ಆಮೇಲೆ ಹೊಸದನ್ನು ಕಟ್ಟಲಾಗದೆ, ವರ್ಷಗಟ್ಟಲೆ ಟಾರ್ಪಾಲು ಹೊದೆಸಿಕೊಂಡು ಕೂತ ಸಂಸಾರಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಸುಮ್ನೆ ಪಾಯ ಹಾಕಿಬಿಡಿ ಎನ್ನುವವರ ಮಾತಿಗೆ ನನ್ನ ಉತ್ತರ ಸ್ಪಷ್ಟ: ಬೇಡ. ಅನುಮತಿಯಿಲ್ಲದೆ ಕಟ್ಟಿದರೆ 2 ವರ್ಷದ ತನಕ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ನಿಷೇಧಿತ ಪ್ರದೇಶಕ್ಕೂ ನಿಯಂತ್ರಿತ ಪ್ರದೇಶಕ್ಕೂ ಶಿಕ್ಷೆ ಒಂದೇ. ಜೀವಮಾನದ ಉಳಿತಾಯ ಹಾಕಿ ಕಟ್ಟಿದ ಕೋಣೆಯಲ್ಲಿ ನೋಟಿಸಿಗೆ ಹೆದರಿಕೊಂಡು ಮಲಗುವುದು ಯಾರಿಗೂ ಬೇಡ. ಪಂಚಾಯತಿಯ ಕಟ್ಟಡ ಪರವಾನಗಿ ಬೇರೆ, ಈ ಅನುಮತಿ ಬೇರೆ. ಒಂದಿದ್ದರೆ ಇನ್ನೊಂದು ಬೇಡ ಅಂತಿಲ್ಲ.

ಅನುಮತಿ ಸಿಗುವುದೇ ಇಲ್ಲ ಎನ್ನುವುದೂ ನಿಜವಲ್ಲ. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಈ ಅನುಮತಿ ಕೊಡಲೆಂದು ನೇಮಕವಾದ ಅಧಿಕಾರಿಗೆ ಹೋಗುತ್ತದೆ. ಅವರು 15 ದಿನದೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ 2 ತಿಂಗಳೊಳಗೆ ಅಭಿಪ್ರಾಯ ಬರಬೇಕು. ಅದು ಬಂದ ಮೇಲೆ ಒಂದು ತಿಂಗಳೊಳಗೆ ಅನುಮತಿ ಕೊಡುವುದೋ ಇಲ್ಲವೋ ತೀರ್ಮಾನವಾಗಬೇಕು. ಕಾಯ್ದೆಯಲ್ಲೇ ಬರೆದ ಲೆಕ್ಕದ ಪ್ರಕಾರ ಮೂರೂವರೆ ತಿಂಗಳು. ಕಾಗದ ಸರಿಯಿಲ್ಲದೆ ಅರ್ಜಿ ವಾಪಸು ಬಂದರೆ ಎಳೆದಾಡುತ್ತದೆ. ನಾನು ಕಂಡ ಮಟ್ಟಿಗೆ ತಡವಾಗುವುದು ಹೆಚ್ಚಾಗಿ ನಮ್ಮ ಕಡೆಯ ಕಾಗದಗಳಿಂದಲೇ.

ಕಾಗದ ಅಂದಾಗ ಮೊದಲು ಬರುವುದು ಮನೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ. ಅಜ್ಜ ಕಟ್ಟಿಸಿದ ಮನೆ ಅಂದಿರಿ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ವಾರಸಾ ಮಾಡಿಸಿ. ಹಿಸ್ಸೆ ಆಗಿಲ್ಲದಿದ್ದರೆ ದಾಯಾದಿಗಳ ಒಪ್ಪಿಗೆ ಬರಹದಲ್ಲಿ ಬೇಕಾಗುತ್ತದೆ. ಮುಂಬಯಿಯಲ್ಲಿರುವ ಚಿಕ್ಕಪ್ಪನ ಮಗನ ಸಹಿಗಾಗಿ ವರ್ಷ ಕಾದ ಕೆಲಸಗಳಿವೆ. ಪಂಚಾಯತಿಯಲ್ಲಿ ಇ-ಸ್ವತ್ತಿನ ಆಸ್ತಿ ದಾಖಲೆಗಳಾದ ನಮೂನೆ 9, ನಮೂನೆ 11 ತೆಗೆಸಿಡಿ. ಮನೆ, ಕೊಟ್ಟಿಗೆ ಎರಡೂ 1992ಕ್ಕಿಂತ ಹಳೆಯವು ಎಂದು ತೋರಿಸಲು ಹಳೆ ಮನೆಪಟ್ಟಿ ರಶೀದಿ, ವಿದ್ಯುತ್ ಸಂಪರ್ಕದ ಕಾಗದ ಹುಡುಕಿ. ಹಳೆ ಫೋಟೊಗಳನ್ನೂ ತೆಗೆದು ನೋಡಿ. ಹೀಗೆ ಹುಡುಕುವಾಗ ಒಂದು ಮನೆಯಲ್ಲಿ ಟ್ರಂಕಿನ ತಳದಿಂದ ಮದುವೆ ಫೋಟೊ ಬಂತು. ಅಂಗಳದ ಚಪ್ಪರದಲ್ಲಿ ಮದುಮಕ್ಕಳು, ಅವರ ಹಿಂದೆ ಕೊಟ್ಟಿಗೆಯ ಮಾಡು (ಚಾವಣಿ), ಕಂಬಕ್ಕೆ ಕಟ್ಟಿದ ಕರು. ಫೋಟೊದ ಬೆನ್ನಿಗೆ ಸ್ಟುಡಿಯೋದ ಸೀಲು, ತಾರೀಕು. ರಶೀದಿಗಳ ಜೊತೆ ಅದನ್ನೂ ಸೇರಿಸಿದೆವು.

ನಕ್ಷೆಯಲ್ಲಿ ಈಗಿರುವ ಕಟ್ಟಡ ಒಂದು ಬಣ್ಣ, ಮಾಡಬೇಕೆಂದಿರುವ ಕೆಲಸ ಇನ್ನೊಂದು ಬಣ್ಣ. ಎತ್ತರ ಬರೆಯುವಾಗ ಮಾಡಿನ ತುದಿ, ನೀರಿನ ಟ್ಯಾಂಕು ಎಲ್ಲ ಸೇರಿಸಿ ಬರೆಯಿರಿ. ಎಷ್ಟು ಆಳ ಅಗೆಯುತ್ತೀರಿ ಎಂಬುದನ್ನೂ ಬರೆಯಿರಿ. ಶೌಚದ ಗುಂಡಿಯ ಅಗೆತ ಅರ್ಜಿಯಲ್ಲಿ ಬಿಟ್ಟುಹೋಗುವುದು ಜಾಸ್ತಿ. ಬನವಾಸಿಯಲ್ಲಿ ಅಗೆತ ಹಗುರ ವಿಷಯವಲ್ಲ. ಕದಂಬರಿಗಿಂತ ಹಿಂದಿನ, ಶಾತವಾಹನರ ಕಾಲದ ಇಟ್ಟಿಗೆ ಕಟ್ಟಡಗಳ ಅವಶೇಷ ಇಲ್ಲಿನ ಉತ್ಖನನದಲ್ಲಿ ಸಿಕ್ಕಿವೆ. ನಿಮ್ಮ ಹಿತ್ತಲಲ್ಲೂ ಅಗಲವಾದ ಹಳೆ ಇಟ್ಟಿಗೆಯ ಸಾಲೋ, ನಾಣ್ಯವೋ, ಕೆತ್ತಿದ ಕಲ್ಲೋ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಪುರಾತತ್ವ ಇಲಾಖೆಗೂ ತಹಶೀಲ್ದಾರರಿಗೂ ತಿಳಿಸಿ. ಅದು ನಮ್ಮೂರಿನ ಹಿರಿಯರ ಗುರುತು, ಅಲ್ವಾ? ಕಂಡೂ ಮಣ್ಣು ಮುಚ್ಚಲು ಮನಸ್ಸಾದರೂ ಹೇಗೆ ಬರಬೇಕು.

ಇನ್ನು ಕಟ್ಟುವ ಮಾತು. ಜಾಗ ಉದ್ದಕ್ಕಿರುವುದರಿಂದ ಮೂರರಲ್ಲಿ ಒಂದು ಆಗಬಹುದು. ಇಡೀ ಜಾಗ 100 ಮೀಟರ್ ಒಳಗೆ, ಇಲ್ಲವೇ ಇಡೀ ಜಾಗ ಹೊರಗೆ, ಇಲ್ಲವೇ ಗೆರೆ ನಿಮ್ಮ ಜಾಗದ ನಡುವೆಯೇ ಹಾದುಹೋಗುವುದು. ಮೂರನೆಯದಾದರೆ ನಕ್ಷೆಯಲ್ಲಿ ಗೆರೆ ಎದ್ದು ಕಾಣುವಂತೆ ಎಳೆಸಿ, ಹೊಸ ಕೋಣೆಗಳನ್ನು ಗೆರೆಯಿಂದ ಸಾಕಷ್ಟು ಆಚೆಗೆ ಇಡಿ. ಗೆರೆಗೆ ತಾಗಿಸಿ ಇಟ್ಟರೆ ಮುಂದೆ ಒಂದಡಿ ಅಳತೆಗೆ ಜಗಳ.

ಇಡೀ ಜಾಗ ಒಳಗಿದ್ದರೆ ಮಗ ಸೊಸೆಯ ಕೋಣೆ ಆಗಬೇಕಾದ್ದು ಕೊಟ್ಟಿಗೆಯೊಳಗೆ. ಬೇಸರ ಬೇಡ. 26 ಅಡಿಗೆ 14 ಅಡಿ ಅಂದರೆ ಸಣ್ಣ ಜಾಗವಲ್ಲ. 12 ಅಡಿ ಉದ್ದದ ಮಲಗುವ ಕೋಣೆ, 8 ಅಡಿಯಲ್ಲಿ ಕೂತು ಕೆಲಸ ಮಾಡುವ ಜಾಗ, ಉಳಿದದ್ದರಲ್ಲಿ ಬಚ್ಚಲು, ಸಾಮಾನಿಡುವ ಮೂಲೆ. ಗೋಡೆಯ ದಪ್ಪ ಕಳೆದರೂ ಇಷ್ಟು ಕೂರುತ್ತದೆ. ಕೊಟ್ಟಿಗೆಯ ಮಾಡು ಪಕ್ಕದಲ್ಲಿ ತಗ್ಗು, ನಡುವೆ ಎತ್ತರ. ಮಾಡನ್ನು ಮೇಲೆತ್ತುವಂತಿಲ್ಲ. ಹಾಗಾಗಿ ಮಂಚ, ಮೇಜು, ಕಪಾಟು ತಗ್ಗಿನ ಗೋಡೆಯ ಬದಿಗೆ ಬರಲಿ, ಓಡಾಟ ನಡುವೆ ಇರಲಿ. ಬೆಳಕಿಗೆ ನಾಲ್ಕೈದು ಗಾಜಿನ ಹೆಂಚು ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ಏಪ್ರಿಲ್‌ನಲ್ಲಿ ಕೂರಲಾಗದು.

ಕೊಟ್ಟಿಗೆಯನ್ನು ಕೋಣೆ ಮಾಡುವಾಗ ತೊಂದರೆ ಕೊಡುವುದು ಮಾಡು ಅಲ್ಲ, ಗೋಡೆಯ ಕೆಳಗಿನ ಎರಡು ಮೂರು ಅಡಿ. ದಶಕಗಟ್ಟಲೆ ದನಗಳ ಗಂಜಲ ಕುಡಿದ ಮಣ್ಣು ಅದು. ಅದರ ತುಂಬ ಉಪ್ಪು. ಹತ್ತಿರ ಹೋಗಿ ನೋಡಿ. ಬೇಸಿಗೆಯಲ್ಲಿ ಗೋಡೆಯ ಬುಡದಲ್ಲಿ ಬಿಳಿ ಹುಡಿ ಅರಳಿರುತ್ತದೆ. ಉಗುರಿನಿಂದ ಕೆರೆದರೆ ಮಣ್ಣು ಹಿಟ್ಟಿನ ಹಾಗೆ ಉದುರುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿ ಬಣ್ಣ ಬಳಿದರೆ ಒಂದು ಮಳೆಗಾಲ ಚೆಂದ ಇರುತ್ತದೆ. ಎರಡನೆಯ ವರ್ಷ ಪ್ಲಾಸ್ಟರ್ ಉಬ್ಬುತ್ತದೆ. ಬೆರಳ ಗೆಣ್ಣಿನಿಂದ ಬಡಿದರೆ ಟೊಳ್ಳು ಸದ್ದು. ಮೂರನೆಯ ವರ್ಷ ತಟ್ಟೆಯಷ್ಟಗಲ ಕಳಚಿ ಬೀಳುತ್ತದೆ, ಬೀಳುವಾಗ ಎರಡಿಂಚು ಮಣ್ಣನ್ನೂ ಎಳೆದುಕೊಂಡು ಬರುತ್ತದೆ. ಮಣ್ಣಿನ ಗೋಡೆ ಒಳಗೆ ತೆಗೆದುಕೊಂಡ ತೇವವನ್ನು ಹೊರಗೆ ಬಿಡಬೇಕು. ಸಿಮೆಂಟು ಆ ದಾರಿ ಮುಚ್ಚುತ್ತದೆ.

ಹಾಗಾದರೆ ಏನು ಮಾಡಬೇಕು? ಕೆಟ್ಟ ಮಣ್ಣನ್ನು ಗಟ್ಟಿ ಸಿಗುವ ತನಕ ಕೆರೆದು ತೆಗೆಯಿರಿ. ಒಂದು ಬೇಸಿಗೆ ಹಾಗೇ ಬಿಟ್ಟು ಒಣಗಿಸಿ. ಬುಡ ತೀರಾ ಕರಗಿದ ಕಡೆ ಮೂರು ಅಡಿಯ ತುಂಡಾಗಿ ಬಿಡಿಸಿ ಚಿರೆಕಲ್ಲು ಕೂರಿಸಿ. ಒಂದು ತುಂಡು ಗಟ್ಟಿಯಾದ ಮೇಲೆ ಅದರ ಪಕ್ಕದ್ದನ್ನು ಬಿಟ್ಟು ಆಚೆಯದಕ್ಕೆ ಕೈ ಹಾಕಿ. ಉದ್ದಕ್ಕೆ ಒಮ್ಮೆಲೇ ಬಿಡಿಸಿದರೆ ಗೋಡೆ ಕೂತುಬಿಡುತ್ತದೆ. ಮೇಲಿಂದ ಸುಣ್ಣದ ಗಾರೆ, ಒಂದಕ್ಕೆ ಮೂರು ಮರಳು. ಅಘನಾಶಿನಿ ಕಡೆಯ ಚಿಪ್ಪಿಸುಣ್ಣ ಸಿಕ್ಕರೆ ಒಳ್ಳೆಯದು. ಸುಣ್ಣವನ್ನು ನೀರಲ್ಲಿ ಅರಳಿಸಿ ಕೆಲವು ವಾರ ಮುಳುಗಿಸಿಟ್ಟಷ್ಟೂ ಗಾರೆ ಬೆಣ್ಣೆಯಾಗುತ್ತದೆ. ಉಳಿದ ಉಪ್ಪು ಮೊದಲೆರಡು ವರ್ಷ ಈ ಗಾರೆಯ ಮೇಲೂ ಬರುತ್ತದೆ. ಒಣ ಕುಂಚದಿಂದ ಗುಡಿಸಿ, ಮತ್ತೆ ಸುಣ್ಣ ಬಳಿಯಿರಿ. ನೀರು ಹಾಕಿ ತೊಳೆಯಬೇಡಿ, ಉಪ್ಪು ಮತ್ತೆ ಒಳಗೆ ಹೋಗುತ್ತದೆ.

ಹೆಂಚು ಇಳಿಸುವುದು ಅನುಮತಿ ಬಂದ ಮೇಲೆ. ಇಳಿಸಿದಾಗ ಒಂದೊಂದನ್ನೂ ಗೆಣ್ಣಿನಿಂದ ಬಡಿದು ನೋಡಿ. ಗಟ್ಟಿ ಹೆಂಚು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮೊಂಡಾಗಿ ಸದ್ದು ಮಾಡುತ್ತದೆ. ಪಾಚಿ ಕಂಡ ಮಾತ್ರಕ್ಕೆ ಎಸೆಯಬೇಡಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಆ ಸಾಲಿನ ಹಳೆ ಕಾರ್ಖಾನೆಗಳ ಮುದ್ರೆ ಹೊತ್ತ ಹೆಂಚುಗಳು ಇವತ್ತಿಗೂ ನಮ್ಮ ಮನೆಗಳ ಮೇಲೆ ನೀರು ತಡೆಯುತ್ತಿವೆ. ಹೆಂಚು ಹೊರುವ ಮರಗಳಾದ ಪಕಾಸು, ರೀಪುಗಳಿಗೆ ಬಿಚ್ಚುವ ಮೊದಲೇ ಸೀಮೆಸುಣ್ಣದಲ್ಲಿ ನಂಬರು ಹಾಕಿ. ಒರಲೆ ತಿಂದದ್ದನ್ನಷ್ಟೇ ಬದಲಿಸಿ.

ಈಗ ನಿಮ್ಮ ಜಾಗ ನಿಯಂತ್ರಿತ ಪ್ರದೇಶದಲ್ಲಿದೆ ಅಂದುಕೊಳ್ಳೋಣ. ಹೊಸ ಕೋಣೆಗೆ ಅರ್ಜಿ ಹಾಕಬಹುದು. ಆಗಲೂ ಕಂಟ್ರಾಕ್ಟರ್ ಹೇಳಿದ ಮಹಡಿ ನನಗೆ ಒಪ್ಪಿಗೆಯಿಲ್ಲ. ಲೆಕ್ಕ ನೋಡಿ. ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2500 ಕಿಲೋ. 10 ಅಡಿಗೆ 12 ಅಡಿ ಕೋಣೆಯ ಮೇಲೆ ಐದಿಂಚಿನ ಸ್ಲ್ಯಾಬ್ ಹಾಕಿದರೆ ಸ್ಲ್ಯಾಬಿನ ಭಾರವೇ ಸುಮಾರು ಮೂರೂವರೆ ಟನ್. ಅದೇ ಕೋಣೆಗೆ ಹೆಂಚಿನ ಮಾಡು ಮಾಡಿದರೆ ಮರ ಸೇರಿಸಿದರೂ ಒಂದು ಟನ್ ಆಸುಪಾಸು. ಈ ಸ್ಲ್ಯಾಬಿನ ಒಂದು ತುದಿಯನ್ನು ಹಳೆ ಮಣ್ಣಿನ ಗೋಡೆಗೆ ಕೂರಿಸಿ ಒಂದು ಗೋಡೆಯ ಖರ್ಚು ಉಳಿಸೋಣ ಎಂದು ಹೇಳುವವರು ಬಂದೇ ಬರುತ್ತಾರೆ. ಬಿಲ್‌ಕುಲ್ ಒಪ್ಪಬೇಡಿ. ಹಳೆ ಗೋಡೆ ಹೊರುತ್ತಿರುವುದು ಅಜ್ಜ ಹೊರಿಸಿದ ಭಾರವನ್ನು. ಅದಕ್ಕಿಂತ ಜಾಸ್ತಿ ಕೇಳಬಾರದು. ಜೊತೆಗೆ, ದೇವಸ್ಥಾನದ ಸುತ್ತ ತಗ್ಗಿನ ಹೆಂಚಿನ ಮಾಡುಗಳ ನಡುವೆ ಒಂದು ಮಹಡಿ ಎದ್ದರೆ ಕಣ್ಣಿಗೆ ಹೊಡೆಯುತ್ತದೆ. ಒಂದೇ ಅಂತಸ್ತು, ಹೆಂಚಿನ ಮಾಡು, ಬೀದಿಯಿಂದ ಕಾಣದಂತೆ ಹಿಂಬದಿಗೆ. ಅರ್ಜಿ ನೋಡುವವರಿಗೂ ಇದು ಸುಲಭ, ನಿಮ್ಮ ಮನೆಗೂ ಇದೇ ಲೇಸು.

ಹೊಸದನ್ನು ಹಳೆಯದಕ್ಕೆ ಅಂಟಿಸಬೇಡಿ, ಪಕ್ಕದಲ್ಲಿ ನಿಲ್ಲಿಸಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹದಿನೈದು ವರ್ಷದ ಹಿಂದೆ ಶಿರಸಿ ಹತ್ತಿರದ ಒಂದು ಮನೆಯಲ್ಲಿ ಹಳೆ ಗೋಡೆಗೆ ಒತ್ತಿಕೊಂಡೇ ಹೊಸ ಪಾಯ ಅಗೆಸಿದೆ. ಹಳೆ ಪಾಯ ಒಂದೂವರೆ ಅಡಿ ಆಳ, ನನ್ನ ಅಗೆತ ನಾಲ್ಕು ಅಡಿ. ಮೂರನೆಯ ದಿನ ಸಂಜೆ ಅಕಾಲದ ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ನಡುಮನೆಯ ಗೋಡೆಯಲ್ಲಿ ಮೇಲಿಂದ ಕೆಳಗೆ ಬೆರಳು ಹೋಗುವಷ್ಟು ಬಿರುಕು. ಆ ಮನೆಯ ಅಜ್ಜಿ ಬಿರುಕಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಗುಂಡಿ ತುಂಬಿಸಿ, ಗೋಡೆಗೆ ಊರೆ ಕೊಟ್ಟು ಉಳಿಸಿಕೊಂಡೆವು. ತಪ್ಪು ಪೂರ್ತಿ ನನ್ನದು. ಅಂದಿನಿಂದ ಹಳೆ ಪಾಯದಿಂದ ಕನಿಷ್ಠ ನಾಲ್ಕೈದು ಅಡಿ ದೂರ ಬಿಡದೆ ನಾನು ಅಗೆಸಿಲ್ಲ.

ಆ ನಾಲ್ಕೈದು ಅಡಿಯ ನಡುವೆ ಒಂದು ಸಣ್ಣ ದಾರಿ ಮಾಡಿ, ಅದಕ್ಕೆ ಹಗುರ ಮಾಡು ಹೊದೆಸಿ. ಹಳೆ ಮನೆ, ಹೊಸ ಕೋಣೆ ಎರಡನ್ನೂ ಕೂಡಿಸುವುದು ಆ ದಾರಿ ಮಾತ್ರ. ಅದರ ಕಂಬಗಳೂ ಅದರವೇ. ಹೊಸ ಕಟ್ಟಡ ಮೊದಲೆರಡು ಮಳೆಗಾಲದಲ್ಲಿ ತುಸು ಕೂರುತ್ತದೆ. ಅಂಟಿಸಿದ್ದರೆ ಹಳೆಯದನ್ನೂ ಎಳೆಯುತ್ತದೆ, ಬಿಟ್ಟಿದ್ದರೆ ತನ್ನಷ್ಟಕ್ಕೆ ಕೂರುತ್ತದೆ. ದಾರಿಯ ಮಾಡು ಹಳೆ ಸೂರಿನ ಅಡಿಗೆ ಒಂದಡಿಯಾದರೂ ಒಳಗೆ ಹೋಗಬೇಕು, ಇಲ್ಲವಾದರೆ ಇರಚಲು ಒಳಗೆ ಬರುತ್ತದೆ. ಆದರೆ ನಮ್ಮ ಹಳೆ ಮನೆಗಳ ಸೂರು ತಲೆಗೆ ತಾಗುವಷ್ಟು ತಗ್ಗು. ಅಡಿಗೆ ತೂರಿಸಲು ಎತ್ತರ ಸಾಲದಿದ್ದರೆ ದಾರಿಯ ಮಾಡಿನ ಇಳಿಜಾರನ್ನು ಎರಡೂ ಪಕ್ಕಕ್ಕೆ ತಿರುಗಿಸಿ, ಹಳೆ ಸೂರಿನ ನೀರನ್ನು ಆ ಭಾಗದಲ್ಲಿ ಮಾತ್ರ ತಗಡಿನ ದೋಣಿಯಲ್ಲಿ ಹಿಡಿದು ಬದಿಗೆ ಬಿಡಿ. ದೋಣಿ ಅಗಲ ಇರಲಿ, ಒಂಬತ್ತಿಂಚಾದರೂ ಬೇಕು. ಆಷಾಢದ ಮಳೆಯ ಜೊತೆ ತರಗೆಲೆಯೂ ಬರುತ್ತದೆ. ಎರಡು ದೊಡ್ಡ ಮಾಡುಗಳ ನೀರು ಬಂದು ಒಂದೇ ಕಣಿವೆಗೆ ಬೀಳುವ ನಕ್ಷೆಯನ್ನು ಮಾತ್ರ ಯಾರೇ ತಂದರೂ ವಾಪಸು ಕಳಿಸಿ. ಹಳೆ ಮನೆ ಸೋರಲು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಮುಂದಿನ ಜಗುಲಿಯನ್ನು ಮುಟ್ಟಬೇಡಿ. ಗ್ರಿಲ್ ಹಾಕಿ ಮುಚ್ಚಿ ಕೋಣೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೀದಿಯ ಮುಖವೇ ಆ ಜಗುಲಿಗಳ ಸಾಲು. ಮಳೆಗಾಲಕ್ಕೆ ಸೋಗೆಯ ತಟ್ಟಿ ಕಟ್ಟಿ, ಮಳೆ ಮುಗಿದ ಮೇಲೆ ಬಿಚ್ಚಿಡುವ ಕ್ರಮವೇ ಸಾಕು.

ಕೊನೆಗೆ ತಾಯಿಯವರ ಬಚ್ಚಲು. ಮಾಸ್ತರೇ, ನಡುಮನೆಯ ಪಕ್ಕದಲ್ಲಿ ಉಗ್ರಾಣದ ಕತ್ತಲೆ ಕೋಣೆ ಇರುತ್ತದಲ್ಲ, ನಿಮ್ಮಲ್ಲೂ ಇದ್ದರೆ ಅದೇ ಸರಿಯಾದ ಜಾಗ. ಮಂಚದಿಂದ ಹತ್ತು ಹನ್ನೆರಡು ಹೆಜ್ಜೆ. ಗೆರೆಯ ಯಾವ ಕಡೆಯಿದ್ದರೂ ಇದು ಒಳಗಿನ ಬದಲಾವಣೆ, ಅಂದರೆ ನವೀಕರಣ. ಇದಕ್ಕೂ ಅನುಮತಿ ಬೇಕು. ಆದರೆ ಇದನ್ನು ಮಗನ ಕೋಣೆಯ ಅರ್ಜಿಯ ಜೊತೆ ಗಂಟು ಹಾಕದೆ ಬೇರೆಯಾಗಿ, ಮೊದಲು ಹಾಕಿ. ಮಣ್ಣಿನ ಗೋಡೆಗೆ ನೇರವಾಗಿ ಟೈಲ್ಸ್ ಅಂಟಿಸಬಾರದು. ಒಳಗೆ ಎರಡಿಂಚು ಸಂದು ಬಿಟ್ಟು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎತ್ತಿ, ಟೈಲ್ಸ್, ನಲ್ಲಿ, ಪೈಪು ಎಲ್ಲ ಆ ಒಳಗೋಡೆಗೇ ಬರಲಿ. ಸಂದಿಗೆ ಮೇಲೆ ಕೆಳಗೆ ಗಾಳಿಕಿಂಡಿ ಬಿಡಿ. ಸ್ನಾನದ ನೀರು ಹಳೆ ಗೋಡೆಗೆ ಒಂದು ಹನಿಯೂ ತಾಗಬಾರದು. ನೆಲದಡಿಯ ಪೈಪು ಗೋಡೆಯ ಬುಡ ಕೊರೆಯದೆ ಬಾಗಿಲ ದಾರಿಯಲ್ಲಿ ಹೊರಗೆ ಹೋಗಲಿ. ಶೌಚದ ಗುಂಡಿಯು ಬಾವಿಯಿಂದ 50 ಅಡಿಯಾದರೂ ದೂರ ಇರಲಿ.

ಬಾಗಿಲು ಮೂರು ಅಡಿ ಅಗಲ, ಹೊಸಿಲು ಇಲ್ಲದ್ದು, ಹೊರಕ್ಕೆ ತೆರೆಯುವಂಥದ್ದು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲು ತೆಗೆಯಲು ಬರುವುದಿಲ್ಲ. ಕಮೋಡಿನ ಪಕ್ಕ, ಸ್ನಾನದ ಜಾಗದ ಪಕ್ಕ ಎರಡೂಮುಕ್ಕಾಲು ಅಡಿ ಎತ್ತರಕ್ಕೆ ಹಿಡಿಕೆ. ಆ ಎತ್ತರವನ್ನು ಗಟ್ಟಿ ಮಾಡುವ ಮೊದಲು ತಾಯಿಯವರನ್ನು ನಿಲ್ಲಿಸಿ, ಅವರ ಕೈ ಎಲ್ಲಿಗೆ ಬರುತ್ತದೆ ಎಂದು ಗೋಡೆಗೆ ಗುರುತು ಹಾಕಿ. ನೆಲಕ್ಕೆ ಒರಟು ಟೈಲ್ಸ್.

ದಿನದ ಲೆಕ್ಕ ಹೀಗೆ. ಮಗನ ಕೋಣೆಯ ಅರ್ಜಿ ಚೌತಿಯ ಹೊತ್ತಿಗೆ ಹೋದರೆ ಸಂಕ್ರಾಂತಿಯ ಸುಮಾರಿಗೆ ಕೆಲಸ ಶುರು ಮಾಡಬಹುದು. ಮೇ ನಡುವಿನೊಳಗೆ ಮಾಡು ಮುಚ್ಚಲೇಬೇಕು. ಅಷ್ಟರೊಳಗೆ ಆಗದು ಅನ್ನಿಸಿದರೆ ಆ ವರ್ಷ ಹಳೆ ಮಾಡು ಬಿಚ್ಚಬೇಡಿ, ಮುಂದಿನ ದೀಪಾವಳಿ ಕಳೆದು ಕೈ ಹಾಕಿ. ಮಿರ್ಜಾನ ಕೋಟೆಯ ಹತ್ತಿರ, ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದ ಹತ್ತಿರ ಮನೆಯಿರುವವರಿಗೂ ಈ 100, 200 ಮೀಟರಿನ ಲೆಕ್ಕವೇ. ಕಾರವಾರ, ಅಂಕೋಲೆಯ ಕಡಲ ಬದಿಯವರು ಇದರ ಜೊತೆ ಕರಾವಳಿ ನಿಯಂತ್ರಣ ವಲಯದ ನಿಯಮವನ್ನೂ ನೋಡಿಕೊಳ್ಳಬೇಕು.

ತಾಯಿಯವರ ಬಚ್ಚಲಿಗೆ ಅನುಮತಿ ಬಂದು ಕೆಲಸ ಮುಗಿಯುವ ತನಕ ಅವರನ್ನು ರಾತ್ರಿ ಅಂಗಳ ದಾಟಿಸಬೇಡಿ. ಔಷಧಿ ಅಂಗಡಿಗಳಲ್ಲಿ ಕಮೋಡ್ ಕುರ್ಚಿ ಸಿಗುತ್ತದೆ, ಇವತ್ತೇ ತಂದು ಮಂಚದ ಪಕ್ಕ ಇಡಿ. ಹಗಲಿಗೆ ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ, ಅಡುಗೆಮನೆ ಬಾಗಿಲಿಂದ ಬಚ್ಚಲ ತನಕ ಸೊಂಟದೆತ್ತರಕ್ಕೆ ಬಿದಿರಿನ ಗಳ ಕಟ್ಟಿ. ಅಳತೆಯ ನಕ್ಷೆ ಕೈಗೆ ಬಂದ ದಿನ ಅದರ ಪ್ರತಿಯನ್ನೂ, ಕೊಟ್ಟಿಗೆಯ ನಾಲ್ಕು ಮೂಲೆಯ ಫೋಟೊಗಳನ್ನೂ ಕಳಿಸಿಕೊಡಿ. ಗೆರೆ ಎಲ್ಲಿ ಬಂತು ಎಂದು ನೋಡಿಕೊಂಡು ಕೋಣೆಯ ನಕ್ಷೆಗೆ ಕೂರೋಣ.